ಗೆಳೆಯನಿಗೊಂದು ಪತ್ರ: ವಂಶವೃಕ್ಷ ಬರೆಯಲು ಕೂತವನಿಂದ

ಲೋ ಮೇಷ್ಟ್ರೇ,

ಫೋನ್ ಮಾಡಿದರೆ ಮೀಟಿಂಗಲ್ಲಿದೀನಿ ಅಂತ ಕಟ್ ಮಾಡ್ತೀಯ. ಅದಕ್ಕೇ ಎಲ್ಲರೆದುರು ಬರೀತಿದ್ದೀನಿ, ಇಲ್ಲಿ ಕಟ್ ಮಾಡೋಕಾಗಲ್ಲ. ತುಪ್ಪದ ಡಬ್ಬದ ವಿಷಯ ಎತ್ತಲ್ಲ, ಹೆದರಬೇಡ.

ತೋಟದ ಒಂದು ತುಂಡು ಇನ್ನೂ ಅಜ್ಜನ ಹೆಸರಲ್ಲೇ ಇದೆ ಕಣೋ. ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನ ವಾರಸುದಾರರ ಹೆಸರಿಗೆ ಮಾಡೋಕೆ, ವಂಶವೃಕ್ಷ ಬರ್ಕೊಂಡು ಬನ್ನಿ ಅಂದರು. ಹಾಳೆ ಹರಡಿ ಕೂತೆ. ಅಜ್ಜ, ಅಜ್ಜಿ, ಅವರ ಕೆಳಗೆ ಏಳು ಗೆರೆ. ಅಜ್ಜಿ ಹೆತ್ತಿದ್ದು ಒಂಬತ್ತು; ತೊಟ್ಟಿಲಲ್ಲೇ ಹೋದ ಎರಡಕ್ಕೆ ಕಾಗದದಲ್ಲಿ ಜಾಗವಿಲ್ಲ. ಏಳರ ಕೆಳಗೆ ನಾವು ಮೊಮ್ಮಕ್ಕಳು ಹದಿನಾಲ್ಕು. ಅಗಲ ಸಾಲದೆ ಪಕ್ಕಕ್ಕೊಂದು ಹಾಳೆ ಅಂಟಿಸಿದೆ. ನಮ್ಮ ಮಕ್ಕಳ ಸಾಲಿಗೆ ಬಂದರೆ ಹನ್ನೊಂದೇ ಹೆಸರು. ಅದರಲ್ಲಿ ನಾಲ್ಕು ದೇಶದಲ್ಲೇ ಇಲ್ಲ.

ಎಂಟನೇ ಕ್ಲಾಸಲ್ಲಿ ‘ಜನಸಂಖ್ಯಾ ಸ್ಫೋಟ’ ಪ್ರಬಂಧಕ್ಕೆ ತಾಲ್ಲೂಕಿಗೇ ಮೊದಲ ಬಹುಮಾನ ಯಾರಿಗೆ ಬಂದಿದ್ದು? (ಉತ್ತರ ಎಲ್ಲರಿಗೂ ಗೊತ್ತಾಗಲಿ ಅಂತ ಕೇಳ್ತಿದ್ದೀನಿ.) ನಿನಗೆ ಸಮಾಧಾನಕರ ಸೋಪ್ ಡಬ್ಬಿ. ಆಗ ಆಸ್ಪತ್ರೆ ಗೋಡೆ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ, ಪಕ್ಕದಲ್ಲಿ ‘ಆರತಿಗೊಂದು ಕೀರ್ತಿಗೊಂದು’. ನಮ್ಮ ಹಿರಿಯರು ಮಿತಿಯಿಲ್ಲದೆ ಹೆತ್ತರು ಅಂತ ನಾನು ಎರಡು ಪುಟ ಬೈದಿದ್ದೆ.

ಪಾಪ, ಅವರ ಹಿಂದಿನವರೂ ಅಷ್ಟೇ ಹೆರುತ್ತಿದ್ದರು, ಉಳಿಯುತ್ತಿರಲಿಲ್ಲ. 1876-78ರ ಧಾತು-ಈಶ್ವರ ಕ್ಷಾಮ ನೋಡು: 1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷ ಜನ, 1881ರಲ್ಲಿ 42 ಲಕ್ಷ. ಆಮೇಲೆ 1918ರ ಇನ್‌ಫ್ಲುಯೆಂಜಾ. ನಮ್ಮ ಮಲೆನಾಡಿಗಂತೂ ಮಲೇರಿಯಾ ಒಂದೇ ಸಾಕಿತ್ತು. ಸೊಳ್ಳೆ ಕೊಲ್ಲೋ ಡಿಡಿಟಿ ಬಂತು, ಸಿಡುಬು ಹೋಯ್ತು, ಮಕ್ಕಳು ಬದುಕತೊಡಗಿದವು. ಬದುಕುತ್ತವೆ ಅನ್ನೋ ನಂಬಿಕೆ ಬಂದು ಹೆರಿಗೆ ಕಡಿಮೆಯಾಗೋಕೆ ಇನ್ನೊಂದು ತಲೆಮಾರು ಬೇಕಾಯ್ತು. ನಮ್ಮಪ್ಪ, ದೊಡ್ಡಪ್ಪ, ಅತ್ತೆಯರು ಎಲ್ಲ ಆ ನಡುವಿನ ಸಂದಿಯಲ್ಲಿ ಹುಟ್ಟಿದವರು. ಪ್ರಪಂಚವೂ ಆ ಸಂದಿಯಲ್ಲೇ ಉಬ್ಬಿದ್ದು. 100 ಕೋಟಿಯಿಂದ 200 ಕೋಟಿಗೆ ಹೋಗೋಕೆ ಸುಮಾರು 1804ರಿಂದ 1927ರವರೆಗೆ ಹಿಡಿಯಿತು. 1960ರ 300 ಕೋಟಿ 1999ಕ್ಕೆ 600 ಕೋಟಿ. 2022ರ ನವೆಂಬರ್ 15ಕ್ಕೆ 800 ಕೋಟಿ ಅಂತ ವಿಶ್ವಸಂಸ್ಥೆ ಸಾರಿತು.

ಆದರೆ ಓಟ ಯಾವಾಗಲೋ ನಿಧಾನವಾಗಿದೆ ಮಾರಾಯ. 1960ರ ದಶಕದಲ್ಲಿ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಬೆಳೀತಿದ್ದದ್ದು ಈಗ ಶೇ. 1ಕ್ಕಿಂತ ಕಡಿಮೆ. 2080ರ ದಶಕದಲ್ಲಿ 1030 ಕೋಟಿ ಮುಟ್ಟಿ ಆಮೇಲೆ ಇಳಿಮುಖ ಅಂತ 2024ರಲ್ಲಿ ವಿಶ್ವಸಂಸ್ಥೆಯದೇ ಅಂದಾಜು. ಇದ್ದಷ್ಟೇ ಜನ ಇರಬೇಕಾದರೂ ಹೆಣ್ಣೊಬ್ಬಳಿಗೆ ಸರಾಸರಿ 2.1 ಮಕ್ಕಳಾಗಬೇಕು, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ್ದು 1.7. ಚಿಕ್ಕಮಗಳೂರು ಜಿಲ್ಲೆಯಲ್ಲಿ 2001ರಲ್ಲಿ 11,40,905 ಜನ, 2011ರಲ್ಲಿ 11,37,961. ದೇಶವೆಲ್ಲ ಏರುವಾಗ ನಾವು ಸುಮಾರು ಮೂರು ಸಾವಿರ ಇಳಿದಿದ್ದೀವಿ. ಆ ಮೂರು ಸಾವಿರದಲ್ಲಿ ನೀನೂ ಒಬ್ಬ, ಕಳ್ಳ. ಕಾಫಿ ಕೊಯ್ಯೋಕೆ ಈಗ ಅಸ್ಸಾಮಿನವರು ಬರ್ತಾರೆ. ಅದೇ ಸಮೀಕ್ಷೆಯಲ್ಲಿ ಅಸ್ಸಾಮಿನದೂ 1.9ಕ್ಕೆ ಇಳಿದಿತ್ತು. ಮುಂದೆ ಯಾರನ್ನ ಕರೀತೀವೋ.

ಇಷ್ಟಕ್ಕೇ ನಿಲ್ಲಿಸಬೇಕಿತ್ತು. ಅಜ್ಜ ಮಲಗಿದಾಗ ಏಳು ಮಕ್ಕಳು ಸರದಿ ಹಾಕ್ಕೊಂಡಿದ್ದರು, ಸರದಿಗೇ ಜಗಳವಾಡಿದ್ದರು, ನಿನಗೂ ನೆನಪಿರಬೇಕು. ಅಪ್ಪ ಮಲಗಿದಾಗ ತಮ್ಮ ಕೆನಡಾದಿಂದ ವಿಡಿಯೋ ಕಾಲಲ್ಲಿ ಅಳುತ್ತಿದ್ದ; ಮಗ್ಗುಲು ಬದಲಿಸೋಕೆ ನಾನು, ನನ್ನ ಹೆಂಡತಿ. ಜಗಳವಾಡೋಕೂ ಜನ ಇರಲಿಲ್ಲ. ಈಗ ಆ ಹಾಳೆಯಲ್ಲಿ ನನ್ನ ಹೆಸರಿನ ಕೆಳಗೆ ಒಂದೇ ಗೆರೆ, ಮಗಳು. ಮೊನ್ನೆ ಅವಳು ಜರ್ಮನಿಯಲ್ಲಿ ಓದ್ತೀನಿ ಅಂದಳು. ಆಗಲಿ ಪುಟ್ಟ ಅಂದೆ. ಅಂದ ಬಾಯಲ್ಲೇ, ಒಳಗೆ, ಮಾರ್ಕ್ಸ್ ಸ್ವಲ್ಪ ಕಡಿಮೆ ಬರಲಿ ಅಂದುಕೊಂಡೆ. ಹೆತ್ತ ಮಗಳಿಗೆ. ಒಂದೇ ಮಗು ಸಾಕು ಅಂತ ನಾವೇ ತೀರ್ಮಾನಿಸಿದ್ದು, ಅದಕ್ಕೆ ಈಗಲೂ ಪಶ್ಚಾತ್ತಾಪ ಇಲ್ಲ. ಆದರೂ ರಾತ್ರಿ ಎದ್ದು ಕೂತು, ಅವಳೊಬ್ಬಳೇ ನನ್ನ ಮಗ್ಗುಲು ಹೊರಳಿಸೋದನ್ನ ಯೋಚಿಸ್ತೀನಿ. ಯೋಚಿಸಿ, ಅವಳು ಇಲ್ಲೇ ಇರಲಿ ಅಂತಲೇ ಬಯಸ್ತೀನಿ.

ಸರಿ, ಮೇಲಿನ ಪ್ಯಾರಾ ನನ್ನದಲ್ಲ, ಮೂರನೇ ಲೋಟ ಕಾಫಿ ಕುಡಿದವನದು. ನನ್ನ ಹೆಂಡತಿಗೆ ಯಾರೂ ಫಾರ್ವರ್ಡ್ ಮಾಡಬೇಡಿ. ನನ್ನ ತೂಕ ಕಡಿಮೆ ಮಾಡ್ಕೋ ಅಂತ ಡಾಕ್ಟರು ಹೇಳಿದ್ದಕ್ಕೆ ಈಗಷ್ಟೇ ಅರ್ಥ ಬಂತು: ಹೊರಳಿಸೋರಿಗೆ ಸುಲಭ.

ಮೇಷ್ಟ್ರೇ, ಡಿಸೆಂಬರಿಗೆ ಬಾ. ಅರೇಬಿಕಾ ಹಣ್ಣಾಗಿರುತ್ತೆ, ಆಳು ಸಿಗಲ್ಲ. ನಿನ್ನ ಇಬ್ಬರು ಮಕ್ಕಳನ್ನೂ ಕರ್ಕೊಂಡು ಬಾ, ಕೂಲಿ ಕೊಡ್ತೀನಿ. ನಿನಗೆ ಮಾತ್ರ ಕೊಡಲ್ಲ. ಹೋದ ಸಲ ಹಸಿರು ಕಾಯೆಲ್ಲ ಕಿತ್ತು ಹಾಕಿದ್ದೀಯ.

ನಿನ್ನ,
ತಾಲ್ಲೂಕಿಗೇ ಮೊದಲನೆಯವ
ಮೂಡಿಗೆರೆ