ಹಕ್ಕಿಯ ಕಾಲಿಗೆ ತಾಗಿದ ಅಲಗು

ಪ್ರೀತಿಯ ತಂಗಿ,

ನಿನ್ನ ಗಿಳಿಯ ಕತೆಯನ್ನು ಎರಡು ಸಲ ಓದಿದೆ. ‘ಇದು ಬರೀ ಅಡಗೂಲಜ್ಜಿ ಕತೆ, ತಪ್ಪು ತಿಳೀಬೇಡಿ ಅಕ್ಕ’ ಎಂದು ಚೀಟಿ ಇಟ್ಟಿದ್ದೆಯಲ್ಲ, ಅದನ್ನು ಹರಿದು ಹಾಕಿದೆ.

ಫ್ರಾನ್ಸಿನಲ್ಲಿ ಇಂಥ ಕತೆಗಳನ್ನೇ ಬರೆದ ಮದಾಮ್ ದೋಲ್ನ್ವಾ ಎಂಬವಳಿದ್ದಳು. ನಾರ್ಮಂಡಿಯ ಹುಡುಗಿ. 1666ರಲ್ಲಿ, ಇನ್ನೂ ಹದಿಹರೆಯದಲ್ಲೇ, ತನಗಿಂತ ಸುಮಾರು ಮೂವತ್ತು ವರ್ಷ ದೊಡ್ಡವನಾದ, ಬ್ಯಾರನ್ ಬಿರುದಿನ ಕುಲೀನನೊಬ್ಬನಿಗೆ ಅವಳನ್ನು ಕೊಟ್ಟರು. ಮೂರೇ ವರ್ಷಕ್ಕೆ ಗಂಡನ ಮೇಲೆ ರಾಜದ್ರೋಹದ ದೂರು, ಬಾಸ್ತೀಲ್ ಸೆರೆಮನೆ. ದೂರು ಸುಳ್ಳೆಂದಾಗಿ ಅವನು ಹೊರಬಂದ, ದೂರು ಕೊಟ್ಟ ಇಬ್ಬರ ತಲೆ ಕಡಿದರು. ಇಂಥ ಸಂಸಾರ ಕಂಡವಳು 1690ರಲ್ಲಿ ತನ್ನ ಕಾದಂಬರಿಯೊಂದರ ನಡುವೆ ಕಿನ್ನರಿ ಕತೆಯೊಂದನ್ನು ಸೇರಿಸಿದಳು. ಫ್ರೆಂಚಿನಲ್ಲಿ ಅಚ್ಚಾದ ಅಂಥ ಮೊದಲ ಕತೆ ಅದು ಎನ್ನುತ್ತಾರೆ. ‘ಕಿನ್ನರಿ ಕತೆಗಳು’ ಎಂಬ ಹೆಸರಿನ ಅವಳ ಸಂಪುಟ ಬಂದದ್ದು 1697ರಲ್ಲಿ, ಪೆರೋ ಎಂಬ ಫ್ರೆಂಚ್ ಲೇಖಕನ ಸಿಂಡ್ರೆಲಾ ಅಚ್ಚಾದ ವರ್ಷವೇ. ಆ ಬಗೆಯ ಕತೆಗಳಿಗೆಲ್ಲ ಅವಳಿಟ್ಟ ಹೆಸರೇ ನಿಂತಿತು. ಮನೆಮಾತಾದವನು ಮಾತ್ರ ಪೆರೋ. ನನಗಿದು ಇಂದಿಗೂ ಸಂಕಟ.

ಅವಳ ‘ನೀಲಿ ಹಕ್ಕಿ’ಯನ್ನು ನಿನಗೆ ಹೇಳಲೇಬೇಕು. ರಾಜಕುಮಾರಿ ಫ್ಲೋರಿನ್‌ಳನ್ನು ಮಲತಾಯಿ ಗೋಪುರದಲ್ಲಿ ಕೂಡಿ ಹಾಕಿದ್ದಾಳೆ. ಶಾಪದಿಂದ ಹಕ್ಕಿಯಾದ ಫ್ಲೋರಿನ್‌ಳ ಪ್ರಿಯಕರ ರಾಜ ರಾತ್ರಿಯೆಲ್ಲ ಕಿಟಕಿಗೆ ಬರುತ್ತಾನೆ. ಗುಟ್ಟು ಬಯಲಾದದ್ದೇ ತಡ, ಅವನು ಕೂರುವ ಮರದ ತುಂಬ ಮಲತಾಯಿ ಕತ್ತಿ, ಚೂರಿ, ಕ್ಷೌರದ ಅಲಗು ಕಟ್ಟಿಸುತ್ತಾಳೆ. ಹಕ್ಕಿ ಬಂದು ಕೂತರೆ ಕಾಲು ಕೊಯ್ಯುತ್ತದೆ, ರೆಕ್ಕೆ ಸೀಳುತ್ತದೆ. ಪ್ರೀತಿಸಿದವಳೇ ಮಾಡಿಸಿದಳೆಂದುಕೊಂಡು ನೆತ್ತರು ಸುರಿಸುತ್ತ ದೂರವಾಗುತ್ತದೆ. ಮುಂದೆ ಫ್ಲೋರಿನ್ ಹಳ್ಳಿಯವಳ ವೇಷದಲ್ಲಿ, ಮತ್ತೆ ಮನುಷ್ಯನಾದ ಅವನ ಅರಮನೆ ಸೇರಿ, ಮಾರ್ದನಿಯ ಕೋಣೆಯಲ್ಲಿ ಮಲಗಲು ಬೆಲೆ ಕೊಡುತ್ತಾಳೆ. ಅಲ್ಲಿ ಪಿಸುಗುಟ್ಟಿದ್ದು ರಾಜನ ಹಾಸಿಗೆಗೆ ಕೇಳಿಸುತ್ತದೆ. ಎರಡು ರಾತ್ರಿ ಅತ್ತಳು. ಅವನು ಅಫೀಮು ಕುಡಿದು ಮಲಗಿದ್ದ. ಮೂರನೆಯ ದಿನ ಸೇವಕನ ಕೈಬಿಸಿ ಮಾಡಿ ಅಫೀಮು ತಪ್ಪಿಸಿದಳು.

ಇಡೀ ಕತೆಯಲ್ಲಿ ಬ್ಯಾರನ್ ಇಲ್ಲ, ಬಾಸ್ತೀಲ್ ಇಲ್ಲ. ಅಲಗು ಇದೆ.

ನಿನ್ನ ಗಿಳಿಗೆ ಎಲ್ಲೂ ಗಾಯವಾಗಿಲ್ಲ, ತಂಗಿ. ಹನ್ನೆರಡು ಪುಟ ಅಳುತ್ತದೆ, ಕೊನೆಗೆ ‘ಆ ಗಿಳಿ ನಮ್ಮ ಚಿಕ್ಕಮ್ಮನೇ’ ಎಂದು ನೀನೇ ಹೇಳಿಬಿಡುತ್ತೀಯ. ಆ ಸಾಲು ತೆಗೆ. ನನ್ನ ಮೊದಲ ಕತೆಯಲ್ಲಿ ನಾನೂ ಹೀಗೇ ಮಾಡಿದ್ದೆ. ಓದಿದವರೆಲ್ಲ ಅದು ಯಾರೆಂದು ಕೇಳಿದರು, ಅಷ್ಟೇ. (ದೋಲ್ನ್ವಾ ಕೂಡ ಕತೆಯ ಕೊನೆಗೆ ನೀತಿಪದ್ಯ ಕಟ್ಟುತ್ತಿದ್ದಳು. ಅದೊಂದನ್ನು ಅವಳಿಂದ ಕಲಿಯಬೇಡ.) ಚಿಕ್ಕಮ್ಮನ ಮನೆಯಲ್ಲಿ ನೀನು ಕಣ್ಣಾರೆ ಕಂಡದ್ದೇನು? ಒಳಗೆ ಚಿಲಕವೇ ಇಲ್ಲದ ಬಾಗಿಲಿನ ಬಗ್ಗೆ ನೀನೇ ಒಮ್ಮೆ ಫೋನಿನಲ್ಲಿ ಹೇಳಿದ್ದೆ. ಅದು ಕತೆಯಲ್ಲಿ ಯಾಕಿಲ್ಲ? ಗಿಳಿಯನ್ನು ಆ ಬಾಗಿಲ ಹಿಂದೆ ಒಂದು ರಾತ್ರಿ ಕೂರಿಸು.

ತಿದ್ದಿ ಕಳಿಸು. ದೀಪಾವಳಿ ವಿಶೇಷಾಂಕಕ್ಕೆ ಇನ್ನೂ ಸಮಯವಿದೆ.

ಇಂತಿ,
ನಿನ್ನ ಅಕ್ಕ