ಮಂಗಳೂರಿನ ಪಂಪ್‌ವೆಲ್ ಹತ್ತಿರದ ಮೆಕ್ಯಾನಿಕ್ ಅಣ್ಣನಿಗೆ

ಕದ್ರಿಯಲ್ಲಿ ನಿಲ್ಲಿಸಿದ್ದ ನಮ್ಮ ಹಳೇ ಮಾರುತಿ 800 ಕಳ್ಳರಿಗೆ ದಕ್ಕಲಿಲ್ಲ, ಆದರೆ ಸ್ಟಿಯರಿಂಗ್ ಲಾಕ್ ಕೆಡಿಸಿಟ್ಟು ಹೋಗಿದ್ದರು. ಸ್ಟಿಯರಿಂಗ್ ಚಕ್ರವನ್ನು ಹಿಡಿದಿರುವ ಇಡೀ ಕಾಲಂ (ಕಂಬ) ಬದಲಿಸಬೇಕೆಂದು ಬೇರೆ ಕಡೆ ಹೇಳಿದ್ದರು. ನೀವು ಮಾತ್ರ ಬ್ಯಾಟರಿ ತಂತಿ ಕಳಚಿ, ಕವರ್ ತೆಗೆದು ತೋರಿಸಿದಿರಿ: ಕೀ ತಿರುಗಿಸಿದಾಗ ಹಿಂದೆ ಸರಿಯಬೇಕಾದ ಪಿನ್ ಬಾಗಿ, ಕಾಲಂ ಒಳಗೆ ತಿರುಗುವ ಶಾಫ್ಟಿನಲ್ಲೇ ಸಿಕ್ಕಿಕೊಂಡಿತ್ತು. ಲಾಕ್ ಹಿಡಿದ ಬೋಲ್ಟುಗಳಿಗೆ ತಲೆಯೇ ಇಲ್ಲ! ಕಳ್ಳರಿಗೆ ಸುಲಭವಾಗಬಾರದೆಂದು, ಬಿಗಿಯುವಾಗಲೇ ತಲೆ ತುಂಡಾಗುವ ಹಾಗೆ ಮಾಡಿರುತ್ತಾರಂತೆ. (ಕಷ್ಟವಾದದ್ದು ನಿಮಗೆ.) ಪಂಚ್ ಇಟ್ಟು ಅಂಚಿಗೆ ಟಕ್ ಟಕ್ ಬಡಿದು ಒಂದೊಂದನ್ನೇ ತಿರುಗಿಸಿದ ನಿಮ್ಮ ತಾಳ್ಮೆ, ಮಾರಾಯ್ರೆ! ಹೊಸ ಲಾಕ್ ಸೆಟ್ ಕೂತಿತು, ಕಾಲಂ ಉಳಿಯಿತು. ಮುರಿದದ್ದನ್ನೂ ಬಿಸಾಡದೆ, ಪೊಲೀಸರಿಗೆ ತೋರಿಸಲು ಬೇಕಾದೀತೆಂದು ಚೀಲಕ್ಕೆ ಹಾಕಿ ಕೊಟ್ಟಿರಿ. ಹೆಸರು ಕೇಳಿದರೆ ತುಳುವಿನಲ್ಲಿ ‘ಬರ್ಸ ಬರ್ಪುಂಡು, ಬೇಗ ಪೋಲೆ’ (ಮಳೆ ಬರುತ್ತದೆ, ಬೇಗ ಹೋಗಿ) ಅಂದುಬಿಟ್ಟಿರಿ. ನಿಮಗೆ ತುಂಬಾ ಉಪಕಾರವಾಯಿತು ಅಣ್ಣ.