ಸದ್ದು ಒಂದು ಬಂತೋ, ಎರಡೋ?

ಮಾನ್ಯರೇ,

ಕಾರ್ಖಾನೆಯಲ್ಲಿ ಸ್ಫೋಟವಾದರೆ ಸಾಕು, ಮರುದಿನ ‘ಬಾಯ್ಲರ್ ಸಿಡಿತ’ ಇಲ್ಲವೇ ‘ಶಾರ್ಟ್ ಸರ್ಕ್ಯೂಟ್’ ಎಂದು ಅಚ್ಚಾಗುತ್ತದೆ. ಸಕ್ಕರೆ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ಹಂಗಾಮು ಫಿಟ್ಟರ್ ಆಗಿ ದುಡಿದವನು ನಾನು. ದೂಳಿನ ಮೇಲೂ ಒಂದಿಷ್ಟು ಅನುಮಾನವಿರಲಿ.

ಊರ ನಾಟಕದಲ್ಲಿ ರಾಕ್ಷಸ ಬರುವಾಗ ದೊಂದಿಗೆ ರಾಳದ ಪುಡಿ ಎರಚುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಭಗ್ಗೆಂದು ಉರಿ ಏಳುತ್ತಿತ್ತು. ಅದೇ ರಾಳವನ್ನು ಉಂಡೆಯಾಗಿ ಇಟ್ಟರೆ ಕರಗಿ ಹೊಗೆಯಾಡುತ್ತದೆ. ಕಣಕಣಕ್ಕೂ ಗಾಳಿ ಸಿಕ್ಕಾಗ ಸಕ್ಕರೆ, ಮೈದಾ, ಕಲ್ಲಿದ್ದಲು ಎಲ್ಲವೂ ಹಾಗೆಯೇ. ಮುಚ್ಚಿದ ಜಾಗವಾದರೆ ಆ ಉರಿಯೇ ಸಿಡಿತ.

ಹೆಚ್ಚು ಜೀವ ತೆಗೆಯುವುದು ಎರಡನೆಯ ಸಿಡಿತ. 2008ರ ಫೆಬ್ರುವರಿ 7ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಇಂಪೀರಿಯಲ್ ಶುಗರ್ ಕಾರ್ಖಾನೆಯಲ್ಲಿ 14 ಮಂದಿ ಸತ್ತರು. ಸಕ್ಕರೆಗೆ ಕಸ ಬೀಳದಿರಲೆಂದು ಹಿಂದಿನ ವರ್ಷವಷ್ಟೇ ಸಕ್ಕರೆ ತುಂಬಿಡುವ ಸೈಲೊ ಗೋಪುರಗಳ ಕೆಳಗೆ ಅದನ್ನು ಸಾಗಿಸುವ ಕನ್ವೇಯರ್‌ಗೆ ಉಕ್ಕಿನ ಹೊದಿಕೆ ಹಾಕಿದ್ದರು. ದೂಳು ಒಳಗೇ ಕೂಡಿ ಹೊತ್ತಿತು. ಒತ್ತಡದ ಅಲೆ ಬೆಂಕಿಗಿಂತ ಮುಂದೆ ಓಡಿ ತೊಲೆ, ನೆಲದ ಮೇಲೆ ಕುಳಿತಿದ್ದ ದೂಳನ್ನೆಲ್ಲ ಎಬ್ಬಿಸಿತು. ಹಿಂದೆ ಬಂದ ಬೆಂಕಿಗೆ ಮೇವು ಸಿದ್ಧವಾಗಿತ್ತು; ಅದೇ ಎರಡನೆಯ ಸಿಡಿತ. 1878ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಹಿಟ್ಟಿನ ಗಿರಣಿಯೊಂದು ಸಿಡಿದಾಗ ಪಕ್ಕದ ಗಿರಣಿಗಳೂ ಸಿಡಿದಿದ್ದವು.

ನಮ್ಮಲ್ಲಿ ಒಂದು ರಾತ್ರಿ ಪಾಳಿ. ಮೂಟೆ ತುಂಬುವ ವಿಭಾಗದಲ್ಲಿ ಹುಡುಗನೊಬ್ಬ ಏಣಿ ಹತ್ತಿ, ಕಂಪ್ರೆಸರ್ ಪೈಪು ಹಿಡಿದು ತೊಲೆಯ ದೂಳು ಊದುತ್ತಿದ್ದ. ಟ್ಯೂಬ್‌ಲೈಟುಗಳು ಮಂಕಾಗಿದ್ದವು. ತುಟಿ ಸವರಿಕೊಂಡರೆ ಸಿಹಿ. ಕೆಳಗೆ ಸಕ್ಕರೆ ಮೇಲೆತ್ತುವ ಎಲಿವೇಟರ್ ಬಕೆಟ್‌ಗೆ ಬೆಸುಗೆ ಹಾಕಲು ವೆಲ್ಡಿಂಗ್ ಹೋಲ್ಡರ್ ಹಿಡಿದು ನಿಂತಿದ್ದವನು ನಾನೇ. ಮೇಸ್ತ್ರಿ ಓಡಿಬಂದು ಮೊದಲು ಹೋಲ್ಡರ್ ಕಿತ್ತುಕೊಂಡರು, ಆಮೇಲೆ ಬೈದರು. ಅಂದು ನನಗೆ ಅರ್ಥವಾದದ್ದು ಬೈಗುಳ ಮಾತ್ರ. ಅದರ ಕಾರಣ ತಿಳಿಯುವಷ್ಟರಲ್ಲಿ ಅವರೂ ಇರಲಿಲ್ಲ.

ಸುಮಾರು 0.8 ಮಿಲಿಮೀಟರ್, ಅಂದರೆ ಪೇಪರ್ ಕ್ಲಿಪ್ಪಿನ ತಂತಿಯಷ್ಟು ದಪ್ಪಕ್ಕೆ ದೂಳು ಕುಳಿತರೂ ಅಪಾಯವೆಂದು ಅಮೆರಿಕದ ಅಗ್ನಿಸುರಕ್ಷತಾ ಸಂಸ್ಥೆ ಎಚ್ಚರಿಸಿದೆ. ನಮ್ಮ ತೊಲೆಗಳ ಮೇಲೆ ಬೆರಳಿನಿಂದ ಹೆಸರು ಬರೆಯಬಹುದಿತ್ತು; ಬರೆದವರೂ ಇದ್ದರು. ಅಕ್ಕಿ ಗಿರಣಿ, ಮೈದಾ ಮಿಲ್, ಪಶು ಆಹಾರ ಘಟಕಗಳ ತನಿಖಾಧಿಕಾರಿಗಳು ಬಾಯ್ಲರ್ ಪ್ರಮಾಣಪತ್ರದ ಜೊತೆಗೆ ಏಣಿಯನ್ನೂ ಕೇಳಿ, ತೊಲೆಯ ಮೇಲ್ಭಾಗ ನೋಡಲಿ. ದೂಳನ್ನು ಗಾಳಿಯಿಂದ ಊದುವುದು ನಿಲ್ಲಲಿ. ಅದಕ್ಕೆಂದೇ ಇರುವ ಹೀರುಯಂತ್ರ ಬರಲಿ.

ನಿಮ್ಮ ವರದಿಗಾರರಿಗೂ ಒಂದು ಕೋರಿಕೆ. ಇಂಥ ಕಡೆ ಹೋದಾಗ ಗೇಟಿನ ಕಾವಲುಗಾರನನ್ನು ತಪ್ಪದೆ ಕೇಳಿ: ಸದ್ದು ಒಂದು ಬಂತೋ, ಎರಡೋ?

– ನಿವೃತ್ತ ಫಿಟ್ಟರ್, ಮಂಡ್ಯ